ಚಾಮುಂಡಿಬೆಟ್ಟದ ಕಾಡು ಮತ್ತು ಅದರ ಹಕ್ಕುದಾರರು

ನಗರಗಳ ಅಂಚಿನಲ್ಲಿ ಉಳಿದುಬಂದಿರುವ ಹಳೆಯ ಕಾಡುಗಳನ್ನು ನಾವು ಸಾಮಾನ್ಯವಾಗಿ ವಿಹಾರಸ್ಥಾನಗಳೆಂದು ಭಾವಿಸುತ್ತೇವೆ. ಸಸ್ಯಶಾಸ್ತ್ರದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವುದುಂಟು. ಇತಿಹಾಸದ ಅಧ್ಯಾಪಕರಾದ ನಾವಾದರೋ ದೇವಾಲಯದ ಬಾಗಿಲವರೆಗೆ ಹೋಗಿ, ಶಾಸನವನ್ನು ತೋರಿಸಿ, ಇಳಿದುಬರುತ್ತೇವೆ. ದೇವಾಲಯಕ್ಕಿರುವಂತೆ ಅದರ ಸುತ್ತಣ ಕಾಡಿಗೂ ಒಂದು ಚರಿತ್ರೆಯುಂಟೆಂಬ ವಿಚಾರ ನಮಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ. ಮೈಸೂರಿನ ಚಾಮುಂಡಿಬೆಟ್ಟದ ಮೆಟ್ಟಿಲುಗಳ ಮೇಲೆ, ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಿಂದ.

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದ ಕಡೆಯ ಕೆಲವು ವಿದ್ಯಾರ್ಥಿಗಳೊಡನೆ ನಾವು ಹುಣಸೂರು, ಬಿಳಿಕೆರೆ ಮಾರ್ಗವಾಗಿ ಮೈಸೂರಿಗೆ ಬಂದು, ಬೆಳಗಿನ ತಂಪಿನಲ್ಲಿಯೇ ಬೆಟ್ಟವನ್ನು ಹತ್ತತೊಡಗಿದ್ದೆವು. ನಂದಿಯ ವಿಗ್ರಹವನ್ನು ತಲುಪುವ ಮುನ್ನ ಎಲ್ಲರೂ ದಣಿವಾರಿಸಿಕೊಳ್ಳುತ್ತಿದ್ದಾಗ ಆ ಹುಡುಗಿ ಮೆಟ್ಟಿಲ ಪಕ್ಕದ ಪೊದೆಗಳತ್ತ ನೋಡಿ, "ಇಷ್ಟೊಂದು ಸೌದೆ ಬಿದ್ದಿದೆಯಲ್ಲ ಸಾರ್, ಇಲ್ಲಿ ಯಾರೂ ಆಯ್ಕೊಳೋದಿಲ್ವ?" ಎಂದು ಕೇಳಿದಳು. ಉಳಿದವರು ನಕ್ಕರು. ನಮಗೆ ಮಾತ್ರ ಉತ್ತರ ತೋಚಲಿಲ್ಲ.

ಈ ಪ್ರಶ್ನೆಯ ಹಿಂದಿರುವ ಅನುಭವವನ್ನು ಇತರ ಪ್ರಾಂತ್ಯದ ಓದುಗರಿಗಾಗಿ ತುಸು ವಿವರಿಸುವುದು ಅವಶ್ಯಕ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ 1984ರಲ್ಲಿ ಆರಂಭವಾಯಿತು. ಕಂಪಲಾಪುರದಲ್ಲಿಯೂ ಮಂಡಳಿಯ ಹರಾಜು ಕಟ್ಟೆಯುಂಟು. ಹಸಿಯೆಲೆಯನ್ನು ಬ್ಯಾರನ್ನಿನೊಳಗೆ ತೂಗುಹಾಕಿ, ಹಗಲಿರುಳು ಬೆಂಕಿಯ ಶಾಖದಲ್ಲಿ ಹದಗೊಳಿಸಬೇಕು. ಒಂದು ಕಿಲೋ ಹದವಾದ ಎಲೆಗೆ ನಾಲ್ಕೈದು ಕಿಲೋ ಸೌದೆ ಬೇಕೆಂಬುದು ಸಾಮಾನ್ಯವಾದ ಲೆಕ್ಕ. ಇಂಥ ಸೀಮೆಯಲ್ಲಿ ಬೆಳೆದ ಮಗುವಿನ ಕಣ್ಣು ಮರವನ್ನು ಕಂಡೊಡನೆ ನೆರಳಿಗಿಂತ ಮೊದಲು ಸೌದೆಯನ್ನು ಕಾಣುವುದು ಸಹಜ. ಮೈಸೂರಿನ ವಿಹಾರಿಗೆ ಒಣರೆಂಬೆಯು ಕಾಡಿನ ಚೆಲುವಿನ ಒಂದಂಶ. ನಮ್ಮ ವಿದ್ಯಾರ್ಥಿನಿಗೆ ಅದು ಯಾರದೋ ಹಕ್ಕು. ಯಾರೂ ಚಲಾಯಿಸದೆ ಬಿಟ್ಟಿರುವ ಹಕ್ಕು.

ಇನ್ನು ಬೆಟ್ಟದ ವಿಷಯ. ಸಮುದ್ರಮಟ್ಟದಿಂದ 3,489 ಅಡಿ ಎತ್ತರವಿರುವ ಈ ಬೆಟ್ಟದ ಕಲ್ಲು ಭೂವಿಜ್ಞಾನಿಗಳಲ್ಲಿ ಚಾಮುಂಡಿ ಗ್ರಾನೈಟ್ ಎಂದೇ ಪ್ರಸಿದ್ಧವಾಗಿದೆ. ಅದರ ವಯಸ್ಸು ಸುಮಾರು 80 ಕೋಟಿ ವರ್ಷಗಳೆಂದು ಎಣಿಸಿದ್ದಾರೆ. ಮಹಾಬಲೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಕ್ರಿ.ಶ. 1128ರ ಶಾಸನದಿಂದ ಹೊಯ್ಸಳ ವಿಷ್ಣುವರ್ಧನನ ದಾನದ ಸಂಗತಿ ತಿಳಿದುಬರುತ್ತದೆ. ಬೆಟ್ಟಕ್ಕೆ ಮಹಾಬಲಾದ್ರಿಯೆಂಬ ಹೆಸರೂ ಇದ್ದುದರಿಂದ, ದೇವಿಗಿಂತ ಮೊದಲು ಈ ಶಿವನ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದ್ದಿರಬೇಕೆಂದು ಊಹಿಸಲವಕಾಶವಿದೆ. ಸುಮಾರು ಸಾವಿರ ಮೆಟ್ಟಿಲುಗಳನ್ನೂ ಏಕಶಿಲೆಯ ನಂದಿಯನ್ನೂ ದೊಡ್ಡ ದೇವರಾಜ ಒಡೆಯರ ಕಾಲಕ್ಕೆ, ಅಂದರೆ 1659ರಿಂದ 1673ರವರೆಗಿನ ಅವಧಿಗೆ, ಸೇರಿಸುವುದು ವಾಡಿಕೆ. ದೇವಿಯ ಗುಡಿಯ ಗೋಪುರವನ್ನು 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಇವೆಲ್ಲ ಪಠ್ಯಪುಸ್ತಕಗಳಲ್ಲಿ ದೊರೆಯುವ ವಿಷಯಗಳೇ, ಇಲ್ಲಿ ವಿಸ್ತರಿಸುವುದಿಲ್ಲ.

ಆದರೆ ಕಾಡು ಎಷ್ಟು ಹಳೆಯದು? ಕಲ್ಲಿನ ಪ್ರಾಚೀನತೆಯಾಗಲಿ ಗುಡಿಯ ಪ್ರಾಚೀನತೆಯಾಗಲಿ ಮರಗಳಿಗೆ ತಾನಾಗಿಯೇ ಸಲ್ಲುವುದಿಲ್ಲ. ನಾವಿಂದು ಕಾಣತಕ್ಕದ್ದು ಜಾಲಿ, ಕಕ್ಕೆ, ಬೇವು, ಶ್ರೀಗಂಧ, ಸೀತಾಫಲ ಮುಂತಾದವು ಬೆಳೆದಿರುವ ಕುರುಚಲು ಕಾಡು. ನಡುನಡುವೆ ಮನುಷ್ಯರೇ ನೆಟ್ಟ ನೀಲಗಿರಿ, ಎಲ್ಲೆಡೆಯೂ ಹಬ್ಬಿದ ಲಂಟಾನ. ಲಂಟಾನವೂ ಸೀತಾಫಲವೂ ಅಮೆರಿಕ ಖಂಡದಿಂದ ಬಂದವು. ನೀಲಗಿರಿಯ ತವರು ಆಸ್ಟ್ರೇಲಿಯ. ಆದಕಾರಣ ವಿಷ್ಣುವರ್ಧನನ ಕಾಲದ ಯಾತ್ರಿಕನು ಕಂಡ ಬೆಟ್ಟವನ್ನೇ ನಾವೂ ಕಾಣುತ್ತಿದ್ದೇವೆಂದು ತಿಳಿಯುವುದು ಭಾವುಕತೆಯಾದೀತು. ಈ ಕಾಡಿನ ಹಳಮೆ ಅದರ ಮರಗಳಲ್ಲಿಲ್ಲ. ಅದನ್ನು ಯಾರು ಬಳಸಬಹುದು, ಯಾರು ಬಳಸಕೂಡದೆಂಬ ಕಟ್ಟಳೆಗಳಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ದಾನಶಾಸನಗಳು ಎಲ್ಲೆಯನ್ನು ಹೇಳುವಾಗ ಮರವನ್ನೋ ಬಂಡೆಯನ್ನೋ ಹುತ್ತವನ್ನೋ ಹೆಸರಿಸುವುದುಂಟು. ಸೌದೆಯ ಹೊರೆ ಹೊತ್ತವಳ ಕಾಲುದಾರಿಯನ್ನು ಹೆಸರಿಸುವುದು ಅಪರೂಪ. ರಾಜರ ಕಾಲದಲ್ಲಿಯೂ ಮರಗಳೆಲ್ಲ ಒಂದೇ ಸಮನಾಗಿರಲಿಲ್ಲ. ಶ್ರೀಗಂಧ ರಾಜವೃಕ್ಷವಾಗಿತ್ತು, ತನ್ನ ಹೊಲದಲ್ಲಿ ಬೆಳೆದರೂ ರೈತನು ಅದನ್ನು ಕಡಿಯುವಂತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಏರ್ಪಟ್ಟದ್ದು 1864ರಲ್ಲಿ. ತರುವಾಯ 1900ರ ಮೈಸೂರು ಅರಣ್ಯ ರೆಗ್ಯುಲೇಷನ್ನು ಬಂದಿತು. ಇಂಥ ಕಾನೂನುಗಳ ಕ್ರಮ ಇಷ್ಟು: ಸರ್ಕಾರವು ಒಂದು ಪ್ರದೇಶವನ್ನು ಮೀಸಲೆಂದು ಪ್ರಕಟಿಸುವುದು, ಹಕ್ಕುಳ್ಳವರು ಅಧಿಕಾರಿಯ ಮುಂದೆ ಅರ್ಜಿ ಸಲ್ಲಿಸುವುದು, ವಿಚಾರಣೆಯಾದ ಮೇಲೆ ಎಲ್ಲೆ ನೆಡುವುದು. ಅರ್ಜಿ ಬರೆಯಬಲ್ಲವನ ಹಕ್ಕು ದಾಖಲೆಯಲ್ಲಿ ಉಳಿಯುವುದು. ಬರೆಯಲಾರದವನದು ಎಲ್ಲೆಕಲ್ಲಿನ ಆಚೆಗೆ ಬೀಳುವುದು. ಬೆಟ್ಟದ ಮೀಸಲು ಅರಣ್ಯವು ಈಗ ಸುಮಾರು 1,500 ಎಕರೆಗಳಷ್ಟಿದೆ. ಅತ್ತ ನಗರವೂ ಬೆಳೆಯಿತು. 1903ರಲ್ಲಿ ಮೈಸೂರು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು; 1921ರಲ್ಲಿ ಬೆಟ್ಟದ ಸಮೀಪದಲ್ಲಿ ಲಲಿತಮಹಲ್ ಅರಮನೆ ಏಳತೊಡಗಿತು; ಬಡಾವಣೆಗಳು ಕ್ರಮೇಣ ಬೆಟ್ಟದ ಬುಡವನ್ನು ಮುಟ್ಟಿದವು. ಊರಾಚೆಯಿದ್ದ ಬೆಟ್ಟ ಊರೊಳಗಿನದಾಯಿತು.

ಇದೇ ಬಗೆಯ ಸಂಗತಿ ಬೇರೆಡೆ ಹೇಗೆ ನಡೆಯಿತೆಂಬುದಕ್ಕೆ ಲಂಡನ್ ನಗರದ ಬದಿಯ ಎಪ್ಪಿಂಗ್ ಕಾಡು ಉತ್ತಮ ನಿದರ್ಶನ. ಅದು ಮೊದಲು ಅರಸರ ಬೇಟೆಯ ಕಾಡು. ಅದರೊಳಗಿನ ಲೌಟನ್ ಎಂಬ ಊರಿನವರಿಗೆ ನವೆಂಬರಿನಿಂದ ಏಪ್ರಿಲಿನವರೆಗೆ ಮರಗಳ ಕೊಂಬೆಗಳನ್ನು ಸೌದೆಗಾಗಿ ಕಡಿಯುವ ಹಕ್ಕು ತಲೆಮಾರುಗಳಿಂದ ನಡೆದುಬಂದಿತ್ತು. ಭೂಮಾಲೀಕರು ಕಾಡಿಗೆ ಬೇಲಿ ಹಾಕತೊಡಗಿದಾಗ, 1860ರ ದಶಕದಲ್ಲಿ, ವಿಲ್ಲಿಂಗೇಲ್ ಎಂಬ ಕೂಲಿಕಾರನ ಮನೆತನದವರು ಆ ಹಕ್ಕನ್ನು ಬಿಟ್ಟುಕೊಡದೆ ಕೊಂಬೆ ಕಡಿದು ಸೆರೆಮನೆಯನ್ನೂ ಕಂಡರು. ಅವರ ಹಟದಿಂದ ಎದ್ದ ಚಳವಳಿಯೇ ಕಾಡು ನಿವೇಶನಗಳಾಗಿ ಹೋಗುವುದನ್ನು ತಡೆಯಿತು. 1878ರ ಶಾಸನದಂತೆ ಕಾಡು ಲಂಡನ್ನಿನ ನಗರಾಡಳಿತದ ವಶಕ್ಕೆ ಬಂದು ಜನರ ವಿಹಾರಕ್ಕಾಗಿ ಮೀಸಲಾಯಿತು. 1882ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಅದನ್ನು ಪ್ರಜೆಗಳಿಗೆ ಅರ್ಪಿಸಿದಳು. ಆದರೆ ಯಾವ ಹಕ್ಕಿಗಾಗಿ ಹೋರಾಟ ನಡೆಯಿತೋ ಆ ಹಕ್ಕನ್ನೇ ಅದೇ ಶಾಸನ ಕೊನೆಗಾಣಿಸಿತು! ಪರಿಹಾರವಾಗಿ ಬಂದ ಹಣದಿಂದ ಊರವರಿಗೆ ಒಂದು ಸಭಾಭವನವಾಯಿತು. 1884ರಲ್ಲಿ ತೆರೆದ ಅದಕ್ಕೆ ಕೊಂಬೆ ಕಡಿಯುವುದರ ನೆನಪಿಗಾಗಿ ಲಾಪಿಂಗ್ ಹಾಲ್ ಎಂದೇ ಹೆಸರು. ಸ್ವಾರಸ್ಯವೆಂದರೆ, ಕಡಿಯುವುದು ನಿಂತ ಮೇಲೆ ಹಳೆಯ ಮರಗಳ ತಲೆ ದಟ್ಟವಾಗಿ ಬೆಳೆದು, ನೆಲಕ್ಕೆ ಬಿಸಿಲು ಬೀಳದಂತಾಯಿತು. ಒಂದು ಶತಮಾನದ ತರುವಾಯ ಕಾಡಿನ ಪಾಲಕರೇ ಕೆಲವೆಡೆ ಕೊಂಬೆ ಕಡಿಸುವ ಪದ್ಧತಿಯನ್ನು ಮತ್ತೆ ಆರಂಭಿಸಬೇಕಾಯಿತು.

ಈ ಹೋಲಿಕೆಯನ್ನು ಅತಿಯಾಗಿ ಎಳೆಯುವುದು ನಮ್ಮ ಉದ್ದೇಶವಲ್ಲ. ಇಂಗ್ಲೆಂಡಿನ ತೇವದ ಕಾಡೇ ಬೇರೆ, ನಮ್ಮ ಬೆಟ್ಟದ ಒಣಕಾಡೇ ಬೇರೆ. ಚಾಮುಂಡಿಬೆಟ್ಟದಲ್ಲಿ ಬಂಡೆಯ ಮೇಲಿನ ಮಣ್ಣಿನ ಪದರ ತೆಳುವಾದುದು; 2021ರ ಅಕ್ಟೋಬರಿನ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆ ಕುಸಿದುದನ್ನು ಓದುಗರು ಬಲ್ಲರು. 2025ರ ಫೆಬ್ರವರಿಯಲ್ಲಿ ಬೆಟ್ಟಕ್ಕೆ ಬೆಂಕಿಯೂ ಬಿದ್ದಿತು. ಚಿರತೆಗಳು ಇಂದಿಗೂ ಇಲ್ಲಿರುವುವು. ಕಾಡನ್ನು ಸೌದೆಯವರಿಗೆ ತೆರೆದುಬಿಡಬೇಕೆಂದು ಇತಿಹಾಸದ ಅಧ್ಯಾಪಕರು ಹೇಳಿದರೆ ಅರಣ್ಯದವರು ನಗುವುದು ನ್ಯಾಯವೇ. ಆದರೂ ಎಪ್ಪಿಂಗಿನಲ್ಲಿ ಕಳೆದುಹೋದ ಹಕ್ಕಿಗೆ ಒಂದು ಕಟ್ಟಡವೂ ಒಂದು ಹೆಸರೂ ಉಳಿದಿವೆ. ನಮ್ಮಲ್ಲಿ ಮೆಟ್ಟಿಲು ಕಟ್ಟಿಸಿದ ಅರಸನ ಹೆಸರು ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿದೆ. ಬೆಟ್ಟದ ಸುತ್ತಣ ಹಳ್ಳಿಗಳವರು ಈ ಕಾಡಿನಿಂದ ಏನನ್ನು ಪಡೆಯುತ್ತಿದ್ದರು, ಯಾವಾಗ ಬಿಟ್ಟರು ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಬದುಕಿರುವ ಮುದುಕರನ್ನು ಕೇಳಿದರೆ ತಿಳಿದೀತು; ಅದಕ್ಕೆ ಹೆಚ್ಚು ಕಾಲ ಉಳಿದಿಲ್ಲ.

ಊರಿಗೆ ಮರಳಿದ ಮೇಲೆ ನಾವು ವಿದ್ಯಾರ್ಥಿಗಳಿಗೆ ಬೆಟ್ಟದ ಬಗ್ಗೆ ಪ್ರಬಂಧ ಬರೆಯಲು ಹೇಳಲಿಲ್ಲ. ತಂತಮ್ಮ ಊರಿನ ಗುಂಡುತೋಪಿನ ಎಲ್ಲೆಯನ್ನೂ ಅಲ್ಲಿದ್ದ ಮರಗಳನ್ನೂ ಹಿರಿಯರಿಂದ ಕೇಳಿ ಬರೆದುತರುವಂತೆ ತಿಳಿಸಿದೆವು. ಕೆಲವರ ಊರಿನಲ್ಲಿ ತೋಪಿನ ಹೆಸರು ಮಾತ್ರ ಉಳಿದಿತ್ತು. ಸೌದೆಯ ಪ್ರಶ್ನೆ ಕೇಳಿದ ಹುಡುಗಿ ಎರಡು ಪುಟ ಬರೆದುತಂದಿದ್ದಳು. ಅವಳ ಅಜ್ಜಿ ಮರಗಳನ್ನು ಒಂದೊಂದಾಗಿ ಹೇಳಿದ್ದಳು: ಮೂಡಣ ಮೂಲೆಯಲ್ಲಿ ಹಲಸು, ಕಟ್ಟೆಯ ಬಳಿ ಎರಡು ಹುಣಿಸೆ, ನಡುವೆ ಹೊಂಗೆ, ಹುಣಿಸೆಹಣ್ಣು ಊರಿನ ಲೆಕ್ಕಕ್ಕೆ, ತಾನಾಗಿ ಉದುರಿದ ರೆಂಬೆ ಗಂಡನಿಲ್ಲದ ಹೆಂಗಸರಿಗೆ. ಹಲಸು ಬ್ಯಾರನ್ನಿನ ಸೌದೆಗೆ ಹೋಯಿತಂತೆ. ಯಾವ ವರ್ಷವೆಂದು ಅಜ್ಜಿಗೆ ನೆನಪಿಲ್ಲ. ಅವಳ ಎರಡನೆಯ ಮಗಳ ಮದುವೆಯ ಹಿಂದಿನ ವರ್ಷವೆಂದು ಬರೆಸಿದ್ದಳು.