ಭುಜ್‌ನ ನೆಲ, ಯೊಕೊಹಾಮಾದ ಹಾಳೆ

ಸ್ಯಾಟಲೈಟ್‌ನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಭುಜ್. ರಣ್ ನೋಡಲು ಹೋಗುವ ನಮ್ಮವರು ಅಲ್ಲಿನ ಆಯಿನಾ ಮಹಲ್‌ಗೆ ಕೊಡುವುದು ಅರ್ಧ ಗಂಟೆ. ಮೊದಲ ಸಲ ನಾನೂ ಕನ್ನಡಿಗಳನ್ನಷ್ಟೇ ನೋಡಿ ಬಂದಿದ್ದೆ. ಎರಡನೇ ಸಲ ಕಣ್ಣು ನೆಲಕ್ಕೆ ಹೋಯಿತು. ಥೇಟ್ ಡಚ್ಚರ ಡೆಲ್ಫ್ಟ್ ಊರಿನಂಥ ಟೈಲ್ಸ್. ಆದರೆ ಹಾಲೆಂಡಿನದಲ್ಲ, ಕಚ್ಛಿನಲ್ಲೇ ಸುಟ್ಟದ್ದು.

ಮಾಡಿಸಿದವನು ರಾಮಸಿಂಗ್ ಮಾಲಮ್. ಮಾಲಮ್ ಎಂದರೆ ಸಮುದ್ರದ ದಾರಿ ಬಲ್ಲವನು. ಓಖಾ ಕಡೆಯ ಈ ನಾವಿಕ ಹಡಗು ಒಡೆದು ಡಚ್ಚರ ಕೈಗೆ ಸಿಕ್ಕ, ಹಾಲೆಂಡ್ ಸೇರಿ ಗಾಜು, ಟೈಲ್ಸ್, ಎನಾಮೆಲ್ ಕೆಲಸ ಕಲಿತ ಎಂದು ಐತಿಹ್ಯ. ಮರಳಿ ಬಂದವನಿಗೆ 1741ರಿಂದ 1760ರವರೆಗೆ ಕಚ್ಛವನ್ನಾಳಿದ ರಾವ್ ಲಖ್‌ಪತ್‌ಜಿ ಆಶ್ರಯ ಕೊಟ್ಟ. ಭುಜ್‌ನಲ್ಲಿ ಬ್ರಜಭಾಷೆಯ ಕಾವ್ಯಶಾಲೆ ತೆರೆದವನೂ ಇದೇ ರಾಜ. ಪರದೇಶದ ಟೈಲ್ಸ್ ಬೇಕೆಂದಾಗ ಸಾಮಾನು ತರಿಸದೆ ಕೆಲಸ ಬಲ್ಲವನನ್ನು ಇಟ್ಟುಕೊಂಡ. ನಮ್ಮ ಕಂಪನಿಗಳಲ್ಲೂ ಇಷ್ಟು ಬುದ್ಧಿ ಅಪರೂಪ.

ಸುಮಾರು ನೂರು ವರ್ಷದ ಬಳಿಕ ಜಪಾನಿನಲ್ಲೂ ಒಂದು ಬಂದರು ಪಶ್ಚಿಮದವರನ್ನು ಹೀಗೆ ತನ್ನ ಕೈಕಸುಬಿನಲ್ಲೇ ಹಿಡಿಯಲು ನೋಡಿತು. 1859ರಲ್ಲಿ ಯೊಕೊಹಾಮಾ ಪರದೇಶಿಗಳಿಗೆ ತೆರೆದದ್ದೇ ತಡ, ಎದೋ (ಇಂದಿನ ಟೋಕಿಯೊ) ನಗರದ ಪ್ರಕಾಶಕರು ಮರದಚ್ಚಿನ ಚಿತ್ರಗಳನ್ನು ಮಾರತೊಡಗಿದರು: ಕುದುರೆಯೇರಿದ ಹೆಂಗಸು, ಊಟದ ಮೇಜು, ಉಗಿಹಡಗು. ಹೆಸರು 'ಯೊಕೊಹಾಮಾ-ಎ'. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಎಷ್ಟೋ ಕಲಾವಿದರು ಪರದೇಶದ ಊರುಗಳನ್ನು ಪಶ್ಚಿಮದ ಪತ್ರಿಕೆಗಳ ಚಿತ್ರ ನೋಡಿಯೇ ಬರೆದರು. ಸದಾಹಿದೆಯ 1861ರ ಚಿತ್ರವೊಂದರಲ್ಲಿ ಐದು ಹಾಳೆಯುದ್ದಕ್ಕೂ ಹಡಗಿಗೆ ಸರಕು ಹೇರುವ ಗಡಿಬಿಡಿ. ಸರಕು ಹೊತ್ತವರ ಕಾಲುಗಳನ್ನು ನೋಡಿ, ಅವನು ಬಂದರಿನಲ್ಲಿ ನಿಂತು ನೋಡಿದ್ದ ಅನ್ನಿಸುತ್ತದೆ.

ಮರದಚ್ಚು ಗುಜರಾತಿಗೆ ಹೊಸದೇನಲ್ಲ. ಗಾಂಧಿನಗರದ ಪಕ್ಕದ ಪೇಥಾಪುರದಲ್ಲಿ ಇಂದಿಗೂ ತೇಗದ ಮರದಲ್ಲಿ ಅಚ್ಚು ಕೆತ್ತುತ್ತಾರೆ. ಆದರೆ ಇಲ್ಲಿಯ ಅಚ್ಚು ಬಟ್ಟೆಗೆ ಹೂಬಳ್ಳಿ ಒತ್ತಿತು. ಅಲ್ಲಿಯದು ಕಾಗದಕ್ಕೆ ಸುದ್ದಿ ಒತ್ತಿತು. ರಾಮಸಿಂಗನ ಕೆಲಸ ಅರಮನೆಯೊಳಗೆ ಉಳಿಯಿತು, ಯೊಕೊಹಾಮಾದ ಹಾಳೆ ಪುಡಿಗಾಸಿಗೆ ಬೀದಿಯವನ ಮನೆ ಸೇರಿತು.

1923ರ ಸೆಪ್ಟೆಂಬರ್ 1ರ ಭೂಕಂಪ, ಅದರ ಬೆನ್ನಿಗೆ ಎದ್ದ ಬೆಂಕಿ ಯೊಕೊಹಾಮಾವನ್ನು ನೆಲಸಮ ಮಾಡಿದವು. ಸದಾಹಿದೆಯ ಚಿತ್ರದ ಪ್ರತಿಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಸಂಗ್ರಹದಲ್ಲಿದೆ. 2001ರ ಜನವರಿ 26ರಂದು ಭುಜ್ ನಡುಗಿದಾಗ ಆಯಿನಾ ಮಹಲ್‌ನ ಮೇಲ್ಭಾಗ ಹಾಳಾಯಿತು. ಒಂದಿಷ್ಟು ದುರಸ್ತಿಯಾಗಿ ತೆರೆದಿದೆ. ಆ ನೆಲಕ್ಕೆ ಎರಡನೇ ಪ್ರತಿ ಇಲ್ಲ. ಡಿಸೆಂಬರ್‌ನಲ್ಲಿ ರಣ್ ಕಡೆ ಹೋಗುವವರು ಅರ್ಧ ದಿನ ಇಟ್ಟುಕೊಳ್ಳಿ.