ಮೂಡಲ ಬಾಗಿಲಿನ ಓಟಗಾರರು

ನಲವತ್ತೆರಡು ಕಿಲೋಮೀಟರಿನ ಮ್ಯಾರಥಾನ್ ಓಟವೂ ಸಾಲದೆಂದು ಬೆಟ್ಟಕಾಡುಗಳ ಕಾಲುದಾರಿಯಲ್ಲಿ ಐವತ್ತು, ನೂರು ಕಿಲೋಮೀಟರು ಓಡುವವರು ಈಗ ನಮ್ಮ ನಾಡಿನಲ್ಲಿಯೂ ಇದ್ದಾರೆ. ಇಂಥ ಓಟಕ್ಕೆ ಅಲ್ಟ್ರಾಮ್ಯಾರಥಾನ್ ಎಂದು ಹೆಸರು. ಗ್ರೀಸ್ ದೇಶದಲ್ಲಿ ಅಥೆನ್ಸಿನಿಂದ ಸ್ಪಾರ್ಟಾ ನಗರಕ್ಕೆ 246 ಕಿಲೋಮೀಟರಿನ ಓಟ 1983ರಲ್ಲಿ ಮೊದಲಾಯಿತು. ಕ್ರಿ.ಪೂ. 490ರಲ್ಲಿ ಪರ್ಷಿಯದ ದಂಡು ಏರಿಬಂದಾಗ ಫಿಡಿಪ್ಪಿಡೀಸ್ ಎಂಬಾತನು ನೆರವು ಬೇಡಲು ಹೊರಟು, ಮರುದಿನವೇ ಸ್ಪಾರ್ಟಾ ಸೇರಿದನೆಂದು ಹೆರೊಡೋಟಸ್ ಬರೆದಿದ್ದಾನೆ. ಆತನು ಪಂದ್ಯಕ್ಕಾಗಿ ಓಡಿದವನಲ್ಲ. ಸುದ್ದಿ ಒಯ್ಯುವುದೇ ಅವನ ಕಸುಬು. ಆ ಕಸುಬಿನವರು ನಮ್ಮ ಕೋಲಾರ ಸೀಮೆಯಲ್ಲಿಯೂ ಇದ್ದರು.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ತಿರುಪತಿಯ ಯಾತ್ರಿಕರು ಇಲ್ಲಿನ ನರಸಿಂಹತೀರ್ಥದಲ್ಲಿ ಮಿಂದು ಮುಂದಕ್ಕೆ ಸಾಗುತ್ತಿದ್ದರು. ಅದೇ ಬಾಗಿಲಿನಿಂದ ದಂಡುಗಳೂ ಬಂದವು. 1761ರಲ್ಲಿ ಕೋಲಾರ ಹೈದರಾಲಿಯ ವಶಕ್ಕೆ ಬಂದಿತು. 1768ರ ಅಕ್ಟೋಬರಿನಲ್ಲಿ ಮುಳಬಾಗಿಲ ಬಂಡೆಗಳ ನಡುವೆ ಅವನಿಗೂ ಕರ್ನಲ್ ವುಡ್ಡನ ಇಂಗ್ಲಿಷ್ ಪಡೆಗೂ ಕಾಳಗ ನಡೆಯಿತು. ವುಡ್ ಸೋಲುವ ಹೊತ್ತಿಗೆ ಕ್ಯಾಪ್ಟನ್ ಬ್ರೂಕ್ ಎಂಬ ಅಧಿಕಾರಿ ಒಂದು ಬಂಡೆಯ ಮೇಲಕ್ಕೆ ತೋಪು ಏರಿಸಿ, 'ಸ್ಮಿತ್ ಬಂದ' ಎಂದು ಜಯಘೋಷ ಮಾಡಿಸಿದನು. ಕರ್ನಲ್ ಸ್ಮಿತ್ತನ ದೊಡ್ಡ ಪಡೆಯೇ ಬಂದಿತೆಂದು ಭ್ರಮಿಸಿ ಹೈದರನ ಸೈನ್ಯ ಹಿಂದೆಗೆಯಿತು. ಒಂದು ಸುಳ್ಳು ಸುದ್ದಿ ಕಾಳಗದ ಮುಖವನ್ನೇ ತಿರುಗಿಸಿತು. ನಿಜ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ತಂದು ಮುಟ್ಟಿಸುವ ಕಾಲುಗಳಿಗೆ ಆಗ ಎಷ್ಟು ಬೆಲೆಯಿತ್ತೆಂಬುದನ್ನು ಇದರಿಂದಲೇ ತಿಳಿಯಬಹುದು.

ಆ ಕಾಲುಗಳ ಏರ್ಪಾಟಿಗೆ ಮೈಸೂರಿನಲ್ಲಿ ಅಂಚೆ ಎಂದು ಹೆಸರು. ಅದನ್ನು ಕ್ರಮವಾಗಿ ನೆಲೆಗೊಳಿಸಿದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಅಂಚೆಯವರು ಕಾಗದ ಸಾಗಿಸುವುದಲ್ಲದೆ ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಹೈದರ್, ಟಿಪ್ಪು ಇಬ್ಬರೂ ಈ ಏರ್ಪಾಟನ್ನು ಉಳಿಸಿಕೊಂಡರು. ಅಂಚೆಯ ಗುಟ್ಟೆಲ್ಲ ಹಂಚಿಕೆಯಲ್ಲಿತ್ತು. ಒಬ್ಬನೇ ನೂರು ಮೈಲಿ ಓಡುವುದಲ್ಲ. ಒಬ್ಬನು ಕೆಲವು ಮೈಲಿ ಓಡಿ ಚೀಲವನ್ನು ಮುಂದಿನವನ ಹೆಗಲಿಗೆ ದಾಟಿಸುವುದು. ಓಡುವವನು ದಣಿದರೂ ಚೀಲಕ್ಕೆ ದಣಿವಿಲ್ಲ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಅದರ ಸದ್ದು ಕಾಡುಮೃಗಕ್ಕೆ ಎಚ್ಚರಿಕೆ, ಮುಂದಿನ ಕಟ್ಟೆಯವನಿಗೆ ಕರೆ.

1799ರ ಅನಂತರ ದಿವಾನ್ ಪೂರ್ಣಯ್ಯನವರೂ ಅಂಚೆಯನ್ನು ನಡೆಸಿಕೊಂಡು ಬಂದರು. ಅವರು ತಿರುಪತಿಯಿಂದ ಮರಳುವಾಗ ಪಾಪನಪಲ್ಲಿ ಎಂಬ ಊರಿಗೆ ತಮ್ಮ ಮಗನ ಹೆಸರಿಟ್ಟರು. ಅದೇ ಇಂದಿನ ಶ್ರೀನಿವಾಸಪುರ. ದಿವಾನರ ಮಗನ ಹೆಸರು ಹೀಗೆ ಊರಾಗಿ ನಿಂತಿತು. ಅವರ ಕಾಗದ ಹೊತ್ತು ಓಡಿದವನ ಹೆಸರು ಎಲ್ಲಿ ನಿಂತಿತು?

ಓಟಗಾರನನ್ನು ಹಿಂದೆ ಹಾಕಿದ್ದು ಉಗಿಬಂಡಿ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದಾಗ ಮಾಲೂರು ಆ ಹಾದಿಯ ಮೇಲಿತ್ತು, ಮುಳಬಾಗಿಲು ಇರಲಿಲ್ಲ. ಪುರಾತನವಾದ ಮೂಡಲ ಬಾಗಿಲನ್ನು ಬಿಟ್ಟು ಸುದ್ದಿ ಮಾಲೂರಿನ ಕಿಟಕಿಯಿಂದ ನುಗ್ಗಿತು. ಕೋಲಾರ, ಶ್ರೀನಿವಾಸಪುರಗಳಿಗೆ ಸಣ್ಣ ಗೇಜಿನ ರೈಲು ಬರಲು ಮತ್ತೆ ಅರ್ಧ ಶತಮಾನ ಬೇಕಾಯಿತು. ಅಷ್ಟರೊಳಗೆ, 1889ರಲ್ಲಿ, ಮೈಸೂರಿನ ಅಂಚೆ ಬ್ರಿಟಿಷ್ ಇಂಡಿಯದ ಟಪಾಲು ಇಲಾಖೆಯಲ್ಲಿ ಸೇರಿಹೋಯಿತು. ರೈಲು ಮುಟ್ಟದ ಹಳ್ಳಿಗಳಿಗೆ ಮಾತ್ರ ಮನುಷ್ಯನ ಕಾಲೇ ಗತಿಯಾಗಿ ಉಳಿಯಿತು. 1937ರಲ್ಲಿ ಸರ್ಕಾರ ಎರಡಾಣೆಯ ಅಂಚೆಚೀಟಿಯ ಮೇಲೆ ಓಟಗಾರನ ಚಿತ್ರ ಅಚ್ಚುಹಾಕಿಸಿತು. ಅಲ್ಲಿಯೂ ಅವನಿಗೆ ಹೆಸರಿಲ್ಲ.

ಕೋಲಾರ ಜಿಲ್ಲೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ದನ ಕಾಯಲು ಹೋರಾಡಿ ಮಡಿದವನಿಗೆ ಕಲ್ಲುಂಟು. ಒಡೆಯನಿಗಾಗಿ ಇರಿದು ಸತ್ತವನಿಗೆ ಕಲ್ಲುಂಟು. ಸುದ್ದಿ ಹೊತ್ತು ಓಡಿ ಬದುಕಿ ಉಳಿದವನಿಗೆ ಯಾರು ಕಲ್ಲು ನೆಡುತ್ತಾರೆ? ಗ್ರೀಕರು ತಮ್ಮ ಓಟಗಾರನ ಹೆಸರನ್ನು ಎರಡೂವರೆ ಸಾವಿರ ವರ್ಷ ಕಾಪಾಡಿಕೊಂಡರು. ನಾವು ಓಟಗಾರರನ್ನು ಮರೆತು, ಅವರ ಕಸುಬಿನ ಹೆಸರನ್ನು ಉಳಿಸಿಕೊಂಡೆವು. ತಮಿಳು, ತೆಲುಗಿನ ನೆರೆಯಲ್ಲಿಯೇ ಇದ್ದರೂ ಕೋಲಾರದ ಕನ್ನಡಿಗನು ಇಂದಿಗೂ ಕಾಗದ ಹಾಕುವುದು ಅಂಚೆಗೆ.