ಕಳ್ಳಾಟವೆನಿಸಿದ್ದು ಒರೆಗಲ್ಲಾದ ಬಗೆ

ಆಟದಲ್ಲಿ ಮೋಸವೆಂದರೆ ಏನೆಂಬುದು ಬೀದಿಯಲ್ಲಿ ಗೋಲಿಯಾಡುವ ಹುಡುಗರಿಗೂ ಗೊತ್ತು. ಆದರೆ ಮೋಸವೆಂದು ಜನ ಬೈದ ವಿದ್ಯೆಯೇ ಮುಂದೆ ನಿಜ ಯಾವುದು, ಸುಳ್ಳು ಯಾವುದು ಎಂದು ತೂಗುವ ತಕ್ಕಡಿಯಾದದ್ದುಂಟು. ವಿಡಿಯೋ ಆಟಗಳ ಲೋಕದಲ್ಲಿ ನಡೆದ ಈ ಕಥೆಗೆ ಇನ್ನೂ ಅರ್ಧ ಶತಮಾನವೂ ಆಗಿಲ್ಲ. ಹಳೆಯ ಕಾವ್ಯಗಳ ಪಾಠ ಹೇಳಿಕೊಂಡಿರುವ ಅಧ್ಯಾಪಕನಿಗೆ ಮಕ್ಕಳಾಟದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಕಥೆಯ ನಡುವೆ ತಾನಾಗಿಯೇ ಬಂದೀತು.

2003ನೆಯ ಇಸವಿಯ ಕೊನೆಯಲ್ಲಿ ಒಂದು ಚಿಕ್ಕ ಚಿತ್ರ ಅಂತರಜಾಲದ ಮೂಲಕ ದೇಶದೇಶಗಳನ್ನು ಸುತ್ತಿತು. ಜಪಾನಿನ ನಿಂಟೆಂಡೊ ಸಂಸ್ಥೆ 1988ರಲ್ಲಿ ಹೊರತಂದ 'ಸೂಪರ್ ಮಾರಿಯೊ ಬ್ರದರ್ಸ್ 3' ಎಂಬ ಆಟವನ್ನು ಯಾರೋ ಆಡಿ ಮುಗಿಸಿದ ಚಿತ್ರ ಅದು. ಆಡಿದವನ ಹೆಸರು ಮೊರಿಮೊಟೊ ಎಂದಿತ್ತು. ಸಾಮಾನ್ಯರಿಗೆ ಗಂಟೆಗಟ್ಟಲೆ ಹಿಡಿಯುವ ಆಟ ಸುಮಾರು 11 ನಿಮಿಷಗಳಲ್ಲಿ ಮುಗಿದುಹೋಗಿತ್ತು. ಆಟದ ನಾಯಕ ಮಾರಿಯೊ ಎಲ್ಲಿಯೂ ತಡವರಿಸದೆ, ಸಾವಿನಿಂದ ಕೂದಲೆಳೆಯಷ್ಟು ದೂರದಲ್ಲಿ ನುಸುಳಿಕೊಂಡು ಓಡುತ್ತಿದ್ದ. ನೋಡಿದವರು ಬೆರಗಾದರು, ಇವನ ಬೆರಳುಗಳಲ್ಲಿ ಅದೆಂಥ ಸಿದ್ಧಿಯೋ ಎಂದುಕೊಂಡರು. ಅದು ಒಂದೇ ಉಸಿರಿಗೆ ಆಡಿದ ಆಟವಲ್ಲವೆಂದು ತಿಳಿದಾಗ ಆ ಬೆರಗೇ ಸಿಟ್ಟಾಗಿ ತಿರುಗಿತು. ಹೇಗೆ ಮಾಡಿದ್ದೆಂಬ ವಿವರ ಚಿತ್ರದೊಡನೆ ಸ್ಪಷ್ಟವಾಗಿ ಇರಲಿಲ್ಲ. ತಾವು ಮೋಸಹೋದೆವೆಂದು ಜನಕ್ಕೆ ಅನ್ನಿಸಿದ್ದು ಸಹಜವೇ.

ಹಾಗಾದರೆ ಅದನ್ನು ಮಾಡಿದ್ದು ಹೇಗೆ? ಹಳೆಯ ಆಟದ ಯಂತ್ರದಂತೆಯೇ ನಡೆದುಕೊಳ್ಳುವ ತಂತ್ರಾಂಶವೊಂದನ್ನು ಗಣಕಯಂತ್ರದಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಎಮ್ಯುಲೇಟರ್ ಎಂದು ಹೆಸರು. ಪರದೆಯ ಮೇಲೆ ಸೆಕೆಂಡಿಗೆ ಸುಮಾರು 60 ಬಾರಿ ಚಿತ್ರ ಬದಲಾಗುತ್ತದಷ್ಟೆ. ಎಮ್ಯುಲೇಟರಿನಲ್ಲಿ ಆ ಒಂದೊಂದು ಚಿತ್ರದ ಬಳಿಯೂ ಕಾಲವನ್ನು ತಡೆದು ನಿಲ್ಲಿಸಬಹುದು. ಯಾವ ಗುಂಡಿ ಒತ್ತಬೇಕೆಂದು ನಿಧಾನವಾಗಿ ಯೋಚಿಸಬಹುದು. ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಬರೆಯಬಹುದು. ಹೀಗೆ ಸಾವಿರಾರು ಸಲ ತಿದ್ದಿದ ಮೇಲೆ ಉಳಿಯುವುದು ಗುಂಡಿಗಳನ್ನು ಒತ್ತಿದ ಕ್ರಮದ ಒಂದು ಪಟ್ಟಿ ಮಾತ್ರ. ಯಂತ್ರಕ್ಕೆ ಮನಸ್ಸಿನ ಚಾಂಚಲ್ಯವಿಲ್ಲ. ಅದೇ ಗುಂಡಿಯನ್ನು ಅದೇ ಕ್ಷಣದಲ್ಲಿ ಒತ್ತಿದರೆ ಅದೇ ಫಲ ಕೊಡುತ್ತದೆ. ಆದುದರಿಂದ ಪಟ್ಟಿಯನ್ನು ಮತ್ತೆ ಓಡಿಸಿದಾಗ ಇಡೀ ಆಟ ಮಿಂಚಿನಂತೆ ನಡೆದುಹೋಗುತ್ತದೆ. ತಿಂಗಳುಗಟ್ಟಲೆ ಮಾಡಿದ ಅತ್ಯಂತ ನಿಧಾನದ ಕೆಲಸ, ಕಣ್ಣಿಗೆ ಅತ್ಯಂತ ವೇಗದ ಆಟವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದು ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್. ಸಲಕರಣೆ ನೆರವಿನ ವೇಗದಾಟ ಎಂದು ನಾವು ಕರೆದುಕೊಳ್ಳಬಹುದು.

ಈ ವಿದ್ಯೆ ಮೊರಿಮೊಟೊವಿನಿಂದ ಹುಟ್ಟಿದ್ದಲ್ಲ. 1993ರಲ್ಲಿ ಬಂದ 'ಡೂಮ್' ಎಂಬ ಅಮೆರಿಕದ ಆಟದಲ್ಲಿ ಆಟಗಾರ ಒತ್ತಿದ ಗುಂಡಿಗಳನ್ನಷ್ಟೇ ದಾಖಲಿಸಿಟ್ಟುಕೊಳ್ಳುವ ಅನುಕೂಲವಿತ್ತು. ಅದನ್ನು ಬಳಸಿಕೊಂಡು ಕೆಲವರು 1999ರಲ್ಲಿ ನಿಧಾನಗತಿಯ, ತಿದ್ದಿ ಬರೆದ ಆಟಗಳನ್ನು ರಚಿಸಿ, ಅವುಗಳಿಗೆ ಮೇಲೆ ಹೇಳಿದ ಹೆಸರನ್ನೇ ಕೊಟ್ಟು ಬೇರೆಯಾಗಿ ಇಟ್ಟಿದ್ದರು. ಹೆಸರಿನಲ್ಲಿಯೇ ಒಪ್ಪಿಗೆ ಇತ್ತು. ಆದಕಾರಣ ಅಲ್ಲಿ ಯಾರಿಗೂ ಮೋಸವಾಗಲಿಲ್ಲ.

ಮೊರಿಮೊಟೊವಿನ ಚಿತ್ರ ಎಬ್ಬಿಸಿದ ಗದ್ದಲದ ಬೆನ್ನಲ್ಲಿಯೇ, 2003ರ ಡಿಸೆಂಬರಿನಲ್ಲಿ, ಬಿಸ್ಕ್ವಿಟ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಫಿನ್‌ಲೆಂಡಿನವನೊಬ್ಬ ಇಂಥ ಆಟಗಳಿಗಾಗಿಯೇ ಒಂದು ಭಂಡಾರವನ್ನು ತೆರೆದ. ಇಂದು ಅದರ ಹೆಸರು ಟ್ಯಾಸ್‌ವಿಡಿಯೋಸ್. ಅಲ್ಲಿಯ ಕಟ್ಟುಪಾಡುಗಳು ಗಮನಾರ್ಹ. ಚಿತ್ರವನ್ನಷ್ಟೇ ಕಳುಹಿಸಿದರೆ ಸಾಲದು, ಗುಂಡಿಗಳ ಪಟ್ಟಿಯನ್ನೇ ಒಪ್ಪಿಸಬೇಕು. ಎಷ್ಟು ಬಾರಿ ತಿದ್ದಿ ಬರೆದದ್ದೆಂಬ ಲೆಕ್ಕವನ್ನು ಪ್ರಕಟಿಸುತ್ತಾರೆ. ಬೇರೆಯವರು ಆ ಪಟ್ಟಿಯನ್ನು ಓಡಿಸಿ ನೋಡುತ್ತಾರೆ, ಚರ್ಚಿಸುತ್ತಾರೆ. ತೀರ್ಪುಗಾರನೊಬ್ಬ ಪರಿಶೀಲಿಸಿ ಒಪ್ಪುತ್ತಾನೆ, ಇಲ್ಲವೆ ತಳ್ಳಿಹಾಕುತ್ತಾನೆ. ಮನುಷ್ಯನ ಕೈಯಿಂದ ಆದ ದಾಖಲೆಗೆ ಇದನ್ನು ಎದುರಾಳಿಯಾಗಿ ನಿಲ್ಲಿಸುವುದಿಲ್ಲ.

ಇಲ್ಲಿಗೆ ಬಂದಾಗ ನನಗೆ ನಮ್ಮ ಗ್ರಂಥಸಂಪಾದಕರ ನೆನಪಾಗುತ್ತದೆ. ಓಲೆಗರಿ ಮುರಿದು ಅಕ್ಷರ ಬಿದ್ದುಹೋದ ಕಡೆ ಸಂಪಾದಕ ತನ್ನ ಊಹೆಯಿಂದ ಪದವೊಂದನ್ನು ತುಂಬುತ್ತಾನೆ. ಅದು ತನ್ನ ಊಹೆಯೆಂದು ಗುರುತು ಹಾಕಿ, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟರೆ ಅದು ವಿದ್ವತ್ತು. ಗುರುತು ಹಾಕದೆ ಕವಿಯ ಮಾತೆಂದೇ ಅಚ್ಚು ಹಾಕಿಸಿದರೆ ಅದು ವಂಚನೆ. ತುಂಬಿದ ಪದ ಎರಡು ಕಡೆಯೂ ಒಂದೇ, ವ್ಯತ್ಯಾಸವಿರುವುದು ಒಪ್ಪಿಗೆಯಲ್ಲಿ.

ಒಪ್ಪಿಕೊಂಡು ಮಾಡಿದ ಈ ಕೆಲಸಕ್ಕೆ ಕ್ರಮೇಣ ಗೌರವವೂ ಬಂದಿತು. 2014ರ ಜನವರಿಯಲ್ಲಿ, ಕ್ಯಾನ್ಸರ್ ತಡೆಗಟ್ಟುವ ಕಾರ್ಯಕ್ಕಾಗಿ ಹಣ ಕೂಡಿಸಲು ಅಮೆರಿಕದಲ್ಲಿ ನಡೆದ ಆಟಗಳ ಉತ್ಸವದಲ್ಲಿ, ಟ್ಯಾಸ್‌ಬಾಟ್ ಎಂಬ ಸಾಧನವನ್ನು ನಿಜವಾದ ನಿಂಟೆಂಡೊ ಯಂತ್ರಕ್ಕೆ ಜೋಡಿಸಿ 'ಸೂಪರ್ ಮಾರಿಯೊ ವರ್ಲ್ಡ್' ಆಡಿಸಿದರು. ಗುಂಡಿಗಳ ಪಟ್ಟಿ ಎಮ್ಯುಲೇಟರಿನ ಹೊರಗೂ ಸತ್ಯವೆಂಬುದು ಸಭೆಯ ಕಣ್ಣೆದುರಿಗೆ ಸಿದ್ಧವಾಯಿತು. ಅಷ್ಟೇ ಅಲ್ಲ, ಗುಂಡಿ ಒತ್ತುವುದರಿಂದಲೇ ಯಂತ್ರದ ನೆನಪಿನೊಳಗೆ ಹೊಸ ಆಜ್ಞೆಗಳನ್ನು ಬರೆದು, ಮಾರಿಯೊವಿನ ಆಟವನ್ನು ಚೆಂಡಾಟವಾಗಿಯೂ ಹಾವಿನ ಆಟವಾಗಿಯೂ ಮಾರ್ಪಡಿಸಿ ತೋರಿಸಿದರು.

ಕಥೆಯ ನಿಜವಾದ ತಿರುವು ಬಂದದ್ದು ಮತ್ತೊಂದು ಆಟದಿಂದ. 1980ರಲ್ಲಿ ಆಕ್ಟಿವಿಷನ್ ಸಂಸ್ಥೆ 'ಡ್ರ್ಯಾಗ್‌ಸ್ಟರ್' ಎಂಬ ಕಾರಿನ ಪಂದ್ಯವನ್ನು ತಂದಿತ್ತು. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಆಟ. 6 ಸೆಕೆಂಡಿನೊಳಗೆ ಮುಗಿಸಿ ಟೆಲಿವಿಷನ್ ಪರದೆಯ ಛಾಯಾಚಿತ್ರ ಕಳುಹಿಸಿದವರಿಗೆ ಸಂಸ್ಥೆ ಬಟ್ಟೆಯ ಬಿಲ್ಲೆಯೊಂದನ್ನು ಕೊಡುತ್ತಿತ್ತು. ಅಮೆರಿಕದ ಟಾಡ್ ರಾಜರ್ಸ್ ಅದನ್ನು 5.51 ಸೆಕೆಂಡಿನಲ್ಲಿ ಮುಗಿಸಿದನೆಂದು 1982ರಲ್ಲಿ ದಾಖಲೆಯಾಯಿತು. ಮೂವತ್ತೈದು ವರ್ಷ ಅದನ್ನು ಯಾರೂ ಮುರಿಯಲಿಲ್ಲ. 2017ರಲ್ಲಿ ಈ ವಿದ್ಯೆ ಬಲ್ಲವರು ಆಟದ ಒಳಗಿನ ಲೆಕ್ಕಾಚಾರವನ್ನೇ ಬಿಡಿಸಿ ನೋಡಿದರು. ಎಂಥ ಸಲಕರಣೆ ಬಳಸಿದರೂ ಆಟ 5.57ಕ್ಕಿಂತ ಕೆಳಗೆ ಇಳಿಯಲಿಲ್ಲ. 2018ರ ಜನವರಿಯಲ್ಲಿ, ದಾಖಲೆಗಳನ್ನು ಇಡುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ಅದನ್ನು ತೆಗೆದುಹಾಕಿತು, ಗಿನ್ನೆಸ್‌ನವರೂ ತೆಗೆದರು. ತಾನು ಆಡಿದ್ದು ನಿಜವೆಂಬ ಮಾತನ್ನು ರಾಜರ್ಸ್ ಬಿಟ್ಟುಕೊಡಲಿಲ್ಲ. ಆದರೆ ಆರು ಶತಾಂಶ ಸೆಕೆಂಡಿನ ಆ ಅಂತರಕ್ಕೆ ಯಂತ್ರದ ಸಾಕ್ಷ್ಯ ಸಿಕ್ಕಲಿಲ್ಲ. ಕೈಯಿಂದ ಆದದ್ದೆಂದು ಜಗತ್ತು ನಂಬಿದ ಮಾತನ್ನು, ಒಮ್ಮೆ ಕಳ್ಳಾಟವೆನಿಸಿದ್ದ ವಿದ್ಯೆ ಹೀಗೆ ಒರೆಗೆ ಹಚ್ಚಿತು.

ಇದರಿಂದ ಮನುಷ್ಯನ ಆಟ ಸೊರಗಿತೆ? ಹಾಗೇನೂ ಇಲ್ಲ. 1985ರ ಮೊದಲ 'ಸೂಪರ್ ಮಾರಿಯೊ ಬ್ರದರ್ಸ್' ಆಟವನ್ನು 2021ರಲ್ಲಿ ಒಬ್ಬ ಆಟಗಾರ ತನ್ನ ಕೈಯಿಂದಲೇ 4 ನಿಮಿಷ 55 ಸೆಕೆಂಡಿನೊಳಗೆ ಮುಗಿಸಿದ. ಸಲಕರಣೆಯ ಆಟಕ್ಕೂ ಅವನ ಆಟಕ್ಕೂ ಉಳಿದಿದ್ದ ಅಂತರ ಒಂದು ಸೆಕೆಂಡಿಗಿಂತ ಕಡಿಮೆ. ಗುರಿ ಎಲ್ಲಿದೆಯೆಂದು ಯಂತ್ರ ತೋರಿಸಿತ್ತು, ನಡೆದದ್ದು ಮನುಷ್ಯ.

ಸಲಕರಣೆಗಳು ದಿನದಿನಕ್ಕೆ ಹೆಚ್ಚುತ್ತಿರುವ ಕಾಲ ನಮ್ಮದು. ಇದು ಯಾರ ಕೆಲಸ, ಯಂತ್ರದ್ದು ಎಷ್ಟು, ಇವನದು ಎಷ್ಟು ಎಂಬ ಪ್ರಶ್ನೆ ಆಟದ ಮನೆಯಲ್ಲಿ ಮಾತ್ರವಲ್ಲ, ಪಾಠಶಾಲೆಯಲ್ಲಿಯೂ ಬರಹಗಾರನ ಮೇಜಿನ ಮೇಲೂ ಎದ್ದಿದೆ. ಸಲಕರಣೆಯನ್ನು ಬೈದು ಪ್ರಯೋಜನವಿಲ್ಲ. ಬಳಸಿದ್ದನ್ನು ಬಳಸಿದೆನೆಂದು ಹೇಳುವ ಧೈರ್ಯವೊಂದಿದ್ದರೆ ಸಾಕು. ಕಳ್ಳಾಟಕ್ಕೂ ಕಲೆಗೂ ನಡುವಿನ ಗೆರೆ ಅದೇ.